ಎಂಟು ತಟ್ಟೆಯ ಇಂಗ್ಲಿಷ್

ನನಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ ಎನ್ನುವುದು ನಮ್ಮ ಕೇರಿಯಲ್ಲಿ ಮನೆಮನೆಗೂ ಗೊತ್ತಿದ್ದ ಸಂಗತಿ. ನನ್ನನ್ನು ನೋಡಲು ಗಂಡಿನವರು ಬಂದಾಗಲೂ ಅಮ್ಮ ಅದನ್ನು ಮುಚ್ಚಿಡಲಿಲ್ಲ. "ಹುಡುಗಿ ಕೆಲಸದಲ್ಲಿ ಚುರುಕು. ಏಳನೇ ಕ್ಲಾಸಲ್ಲಿ ಇಂಗ್ಲಿಷ್ ಕೈಕೊಡ್ತು, ಅದೊಂದೇ ಕೊರತೆ" ಎಂದು ಹೇಳಿಯೇ ಚಹಾ ಕೊಟ್ಟಳು. ಗಂಡಿನ ಚಿಕ್ಕಪ್ಪ ಲೋಟ ಕೆಳಗಿಟ್ಟು, "ನಮ್ಮನೇಲಿ ಬೇಯೋ ಮೀನು ಇಂಗ್ಲಿಷ್ ಮಾತಾಡಲ್ಲ ಬಿಡಿ" ಎಂದು ನಕ್ಕ. ಎಲ್ಲರೂ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಾನೂ ನಕ್ಕೆ. ನನ್ನ ಅಕ್ಕ ಲಲಿತಾಂಬಿಕ, ನಮ್ಮ ಮಲಯಾಳದಲ್ಲಿ ಅಕ್ಕನಿಗೆ ಚೇಚಿ, ನಾನು ಹಾಗೇ ಕರೆಯುವವಳು, ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳೂ ನಕ್ಕಳು. ಈಗ ಆ ನಗು ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಸುಧರ್ಮ. ಐವತ್ತೊಂದು ವರ್ಷ. ಕೊಲ್ಲಂ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ವಿಂಗಡಣೆ ಕೋಣೆಯ ಕೆಲಸ. ಹದಿಮೂರನೇ ವಯಸ್ಸಿಗೆ ಬೀಜ ಒಡೆಯುವ ಶೆಡ್ಡಿನಲ್ಲಿ ಕೂತವಳು. ಇಪ್ಪತ್ತೆರಡು ವರ್ಷ ಒಡೆದೆ, ಆಮೇಲೆ ಸಿಪ್ಪೆ ಸುಲಿದೆ, ಕೊನೆಗೆ ವಿಂಗಡಣೆಗೆ ಬಂದೆ. ವಿಂಗಡಣೆಯಲ್ಲಿ ತಿರುಳನ್ನು ಮುಟ್ಟಿದ ಕೂಡಲೇ ಅದು ಯಾವ ತಟ್ಟೆಗೆ ಸೇರಿದ್ದು ಎಂದು ಬೆರಳಿಗೆ ಗೊತ್ತಾಗಬೇಕು. ಬಿಳಿ ಇಡಿ, ಸುಟ್ಟ ಇಡಿ, ಹೋಳು, ತುದಿ ಮುರಿದದ್ದು, ಚೂರು, ನುಚ್ಚು. ನನ್ನ ತಟ್ಟೆಯನ್ನು ನಮ್ಮ ಕೋಣೆಯಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ. ಎರಡು ಬಾರಿ ನನ್ನನ್ನು ಮೇಲ್ವಿಚಾರಕಿ ಆಗು ಎಂದು ಕೇಳಿದರು. ಎರಡು ಬಾರಿಯೂ ಬೇಡ ಎಂದೆ. ಚೀಟಿ ಬರೆಯಬೇಕು, ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಓದಬೇಕು, ನನ್ನ ತಲೆ ಅಂಥದ್ದಲ್ಲ ಎಂದೆ. ನನಗಿಂತ ಹತ್ತು ವರ್ಷ ಚಿಕ್ಕವಳೊಬ್ಬಳು ಆ ಜಾಗಕ್ಕೆ ಬಂದು ನನಗೇ ಕೆಲಸ ಹೇಳಿಕೊಟ್ಟಳು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಇಂಗ್ಲಿಷಿನ ಕಾಗದ ಏನು ಬಂದರೂ ಅದು ಚೇಚಿಗೆ. ಅವಳು ನನಗಿಂತ ಆರು ವರ್ಷ ದೊಡ್ಡವಳು, ಒಂಬತ್ತರವರೆಗೆ ಓದಿದವಳು, ಬೇಲಿಯಾಚೆಯೇ ಅವಳ ಮನೆ. ಔಷಧಿ ಬಾಟಲಿ, ಆಸ್ಪತ್ರೆ ಚೀಟಿ, ಬ್ಯಾಂಕಿನ ಕಾಗದ, ಮಗಳ ಶಾಲೆಯ ಪತ್ರ, ಎಲ್ಲವನ್ನೂ ಹಿಡಿದುಕೊಂಡು ಅವಳ ಜಗಲಿಗೆ ಓಡುತ್ತಿದ್ದೆ. "ತಾ ಇಲ್ಲಿ, ನಿನಗೆಲ್ಲಿ ಅದೆಲ್ಲ" ಎನ್ನುತ್ತ ಕನ್ನಡಕ ಏರಿಸುವಳು. ಒಂದು ದಿನವೂ ಬೇಸರ ಮಾಡಿಕೊಂಡವಳಲ್ಲ. ನನಗೆ ಇಬ್ಬರು ತಾಯಂದಿರು ಎಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಎಂಥ ಪೆದ್ದಿ ನಾನು.

ಭಾನುವಾರದ ತರಗತಿಗೆ ನನ್ನನ್ನು ಎಳೆದುಕೊಂಡು ಹೋದವಳು ರೆಜೀನಾ. ವಿಂಗಡಣೆಯಲ್ಲಿ ನನ್ನ ಪಕ್ಕ ಕೂರುವವಳು, ಕಡಲ ಕೇರಿಯವಳು, ನಾಲಿಗೆ ಮೀನು ಕೊಯ್ಯುವ ಕತ್ತಿ. ಶಾಲೆ ಬಿಟ್ಟ ದೊಡ್ಡವರಿಗಾಗಿ ಪಂಚಾಯಿತಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇದಕ್ಕೂ ಹತ್ತನೇದಕ್ಕೂ ಪಾಠ ನಡೆಯುತ್ತಿತ್ತು. ನಾವಿಬ್ಬರೂ ಏಳನೇದಕ್ಕೆ ಸೇರಿದೆವು. ಪುಟ್ಟ ಮಕ್ಕಳ ಬೆಂಚು, ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಪಾಠ ಹೇಳುತ್ತಿದ್ದವರು ಷಾಹಿದಾ ಟೀಚರ್, ಮೂವತ್ತರ ಹುಡುಗಿ. ಅವರ ಉಮ್ಮ, ಎಂದರೆ ತಾಯಿ, ನಮ್ಮ ಜೊತೆಯೇ ಸಿಪ್ಪೆ ಸುಲಿದವರು.

ಮೂರನೇ ಭಾನುವಾರ ಟೀಚರ್ ಬೋರ್ಡಿನ ಮೇಲೆ 'ಪಾರ್ಟ್ಸ್ ಆಫ್ ಸ್ಪೀಚ್' ಎಂದು ಬರೆದರು. ಇಂಗ್ಲಿಷಿನ ಪದಗಳೆಲ್ಲ ಎಂಟು ಜಾತಿ ಎಂದರು. ನಾನು ಪೆನ್ಸಿಲ್ ಕೆಳಗಿಟ್ಟೆ. ಏಳನೇ ತರಗತಿಯಲ್ಲಿ ನನ್ನನ್ನು ಮುಳುಗಿಸಿದ್ದು ಇದೇ ಪಾಠ. ಫಲಿತಾಂಶ ನೋಡಿಕೊಂಡು ಬಂದ ಚೇಚಿಯೇ ಹೇಳಿದ್ದಳು, "ಆ ಎಂಟು ಜಾತಿಯ ಪ್ರಶ್ನೆಗೆ ನೀನು ಬರೆದದ್ದೆಲ್ಲ ತಪ್ಪಂತೆ." ಪರೀಕ್ಷೆಯ ದಿನ ನಾನು ತುಂಬ ಚೆನ್ನಾಗಿ ಬರೆದೆ ಅಂದುಕೊಂಡಿದ್ದೇ ಆ ಪ್ರಶ್ನೆಯನ್ನು. ನನಗೆ ಗೊತ್ತು ಎಂದು ಅನ್ನಿಸುವುದಕ್ಕೂ ನಿಜವಾಗಿ ಗೊತ್ತಿರುವುದಕ್ಕೂ ಸಂಬಂಧವೇ ಇಲ್ಲ ಎಂದು ಆವತ್ತು ಕಲಿತೆ. ಆಮೇಲೆ ಯಾವ ವಿಷಯದಲ್ಲೂ ನನ್ನ ತಲೆಯನ್ನು ನಾನು ನಂಬಲಿಲ್ಲ.

"ಟೀಚರೇ, ನಮಗೆ ಮೊಮ್ಮಕ್ಕಳು ಬಂದಾಯ್ತು. ಈಗ ಪದಗಳ ಜಾತಿ ಕೇಳ್ಕೊಂಡು ಯಾವ ಸಂಬಂಧ ಕುದುರಿಸ್ಬೇಕು?" ಎಂದಳು ರೆಜೀನಾ.

ಟೀಚರ್ ನಕ್ಕು ಚೀಲದಿಂದ ಎಂಟು ಸ್ಟೀಲ್ ತಟ್ಟೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅರವತ್ತು ಚೀಟಿಗಳ ಒಂದು ಡಬ್ಬಿ ಇಟ್ಟರು. "ನೀವೆಲ್ಲ ವಿಂಗಡಣೆಯವರು ತಾನೇ? ವಿಂಗಡಿಸಿ" ಎಂದರು. ಮೊದಲ ತಟ್ಟೆ ಹೆಸರಿಗೆ. ಮನುಷ್ಯರ ಹೆಸರು, ಊರಿನ ಹೆಸರು, ವಸ್ತುವಿನ ಹೆಸರು, ಅದು ನೌನ್. ಆ ಹೆಸರು ರಜೆ ಹಾಕಿದಾಗ ಅದರ ಜಾಗದಲ್ಲಿ ಬದಲಿ ಬಂದು ಕೂರುವುದು ಪ್ರೊನೌನ್. ಕೆಲಸವನ್ನು ಹೇಳುವುದು ವರ್ಬ್. ಹೆಸರು ಎಂಥದ್ದು ಎಂದು ಹೇಳುವುದು ಅಡ್ಜೆಕ್ಟಿವ್, ಕೆಲಸ ಹೇಗೆ ನಡೆಯಿತು ಎಂದು ಹೇಳುವುದು ಅಡ್ವರ್ಬ್. ಮೇಲೆ, ಕೆಳಗೆ, ಒಳಗೆ ಎಂದು ಜಾಗ ತೋರಿಸುವುದು ಪ್ರಿಪೊಸಿಷನ್. ಎರಡನ್ನು ಸೇರಿಸಿ ಗಂಟು ಹಾಕುವುದು ಕಂಜಂಕ್ಷನ್. ಕೊನೆಯ ತಟ್ಟೆ ಅಯ್ಯೋ, ಅಬ್ಬಾ, ಛೀ ಎನ್ನುವಂಥವಕ್ಕೆ.

"ಆ ಕೊನೇ ತಟ್ಟೆ ನನಗಿರಲಿ" ಎಂದಳು ರೆಜೀನಾ. "ಮದುವೆ ಆದಾಗಿಂದ ನಾನು ಆಡಿದ್ದೆಲ್ಲ ಅದೇ."

ನನ್ನ ಸರದಿ ಬಂತು. ಅಕ್ಷರ ಕೂಡಿಸಿ ಓದುವುದು ಸ್ವಲ್ಪ ತಡವಾಯಿತು. ಆದರೆ ಓದಿದ ಮೇಲೆ ಬೆರಳು ನಿಲ್ಲಲಿಲ್ಲ. ಶೀ ಒಂದು ತಟ್ಟೆಗೆ, ವೈಟ್ ಒಂದಕ್ಕೆ, ಕ್ವಿಕ್ಲಿ ಒಂದಕ್ಕೆ, ಅಂಡರ್ ಇನ್ನೊಂದಕ್ಕೆ. ಅರ್ಧ ಡಬ್ಬಿ ಖಾಲಿಯಾದ ಮೇಲೆ 'ವರ್ಕ್' ಎಂಬ ಚೀಟಿ ಬಂತು. ನನ್ನ ಕೈ ಗಾಳಿಯಲ್ಲೇ ನಿಂತಿತು.

"ಏನಾಯ್ತು ಸುಧರ್ಮ ಚೇಚಿ?" ಎಂದರು ಟೀಚರ್.

"ಇದು ಒಂದೇ ತಟ್ಟೆದಲ್ಲ ಟೀಚರ್. 'ನಾನು ದುಡೀತೀನಿ' ಅನ್ನೋವಾಗ ಇದು ವರ್ಬ್. 'ನನ್ನ ಕೆಲಸ' ಅನ್ನೋವಾಗ ನೌನ್. ಅಕ್ಕಪಕ್ಕ ಯಾರು ಕೂತಿದಾರೆ ಅಂತ ನೋಡದೆ ಹಾಕಕ್ಕಾಗಲ್ಲ."

ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. "ಇದನ್ನ ನಾನು ಮುಂದಿನ ತಿಂಗಳು ಹೇಳ್ಬೇಕು ಅಂತಿದ್ದೆ" ಎಂದರು. ಕೊನೆಗೆ ಲೆಕ್ಕ ಹಾಕಿದಾಗ ಅರವತ್ತರಲ್ಲಿ ಎರಡು ಮಾತ್ರ ತಪ್ಪಿತ್ತು. ರೆಜೀನಾ ಚಪ್ಪಾಳೆ ತಟ್ಟಿದಳು. ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಎಲ್ಲೋ ಏನೋ ತಪ್ಪಾಗಿದೆ, ಇವರಿಗೆ ಇನ್ನೂ ತಿಳಿದಿಲ್ಲ ಅಷ್ಟೆ ಎಂದುಕೊಂಡೆ.

ಪಾಠ ಮುಗಿದ ಮೇಲೆ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು. "ನೀವು ಏಳನೇದರಲ್ಲಿ ಫೇಲ್ ಅಂತ ಯಾರು ಹೇಳಿದ್ದು?"

"ಚೇಚಿ ಶಾಲೆಗೆ ಹೋಗಿ ನೋಡ್ಕೊಂಡು ಬಂದಿದ್ಲು. ಇಂಗ್ಲಿಷಲ್ಲಿ ಹೋಗಿತ್ತು."

"ಹಳೇ ಶಾಲೆಯಿಂದ ಒಂದು ದಾಖಲೆ ತನ್ನಿ. ಹುಟ್ಟಿದ ತಾರೀಕಿಗೆ ಹೇಗೂ ಬೇಕು. ಏಳು ಪಾಸಾಗಿದ್ರೆ ನೇರವಾಗಿ ಈ ವರ್ಷವೇ ಹತ್ತಕ್ಕೆ ಕೂರಬಹುದು. ಆದರೆ ಅರ್ಜಿಗೆ ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಕಡೇ ದಿನ."

ಹತ್ತು. ನಾನು ಫೇಲ್ ಎಂದು ಗೊತ್ತಿದ್ದರೂ, ಎಲ್ಲಾದರೂ ಪಾಸಾಗಿದ್ದರೆ ಎಂದುಕೊಳ್ಳುತ್ತ ಶಾಲೆಯಿಂದ ಮನೆಯವರೆಗೆ ಹೇಗೆ ನಡೆದೆ ಎಂದು ನನಗೇ ನೆನಪಿಲ್ಲ. ಹತ್ತು ಪಾಸಾದರೆ ನಾನು ಹತ್ತು ಪಾಸಾದವಳು. ಅದಕ್ಕಿಂತ ಹೆಚ್ಚಿನ ಆಸೆ ನನಗಿರಲಿಲ್ಲ. ಆದರೆ ಆ ಆಸೆಯನ್ನು ಎಷ್ಟು ವರ್ಷ ಎಷ್ಟು ಕೆಳಗೆ ಒತ್ತಿಟ್ಟಿದ್ದೆ ಎಂದು ಆವತ್ತು ತಿಳಿಯಿತು.

ಚೇಚಿ ಜಗಲಿಯಲ್ಲಿ ಮರಗೆಣಸು ಹೆಚ್ಚುತ್ತಿದ್ದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳ ಕತ್ತಿ ನಿಂತಿತು. "ಹತ್ತಾ? ಈ ವಯಸ್ಸಿಗಾ? ಬೇರೆ ಕೆಲಸ ಇಲ್ವಾ ಆ ಟೀಚರಿಗೆ?"

"ಒಂದು ಕಾಗದ ತಾನೇ ಚೇಚಿ. ನಾಳೆ ರಜೆ ಹಾಕಿ ಹೋಗ್ತೀನಿ."

"ನೀನು ಯಾಕೆ ರಜೆ ಹಾಕ್ತೀಯ? ನಾನೇ ಹೋಗಿ ಬರ್ತೀನಿ ಬಿಡು. ನಿನಗೆಲ್ಲಿ ಅದೆಲ್ಲ" ಎಂದು ಮತ್ತೆ ಹೆಚ್ಚತೊಡಗಿದಳು.

ಮಂಗಳವಾರ ಹೋದಳು. ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಅಡುಗೆಮನೆಯಲ್ಲೇ ಕೂತಿದ್ದಳು, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಬೆಲ್ಲದ ಅಡೆ ತಂದಿದ್ದಳು. "ಗೆದ್ದಲು ತಿಂದುಬಿಟ್ಟಿದೆ ಕಣೆ" ಎಂದಳು. "ಆ ವರ್ಷದ ರಿಜಿಸ್ಟರೇ ಇಲ್ಲ. ಬರೀ ರಟ್ಟು ಉಳಿದಿದೆ. ನಾನು ಎಷ್ಟು ಕೇಳಿಕೊಂಡೆ ಗೊತ್ತಾ? ವಯಸ್ಸಿಗೆ ಒಂದು ಪ್ರಮಾಣಪತ್ರ ವಕೀಲರ ಹತ್ತಿರ ಮಾಡಿಸ್ಕೊಡ್ತೀನಿ. ಏಳನೇದನ್ನೇ ಬರಿ, ಸಾಕು. ಅಷ್ಟಾದರೆ ಕಡಿಮೆಯಾ?" ನನ್ನ ಕಣ್ಣಲ್ಲಿ ನೀರು ಬಂತು. ಅವಳು ಸೆರಗಿನಿಂದ ಒರೆಸಿದಳು. ನಾನು ಎರಡು ಅಡೆ ತಿಂದೆ.

ಭಾನುವಾರ ಟೀಚರಿಗೆ ಹೇಳಿದರೆ ಅವರು ಬಿಡಲಿಲ್ಲ. "ಗೆದ್ದಲು ತಿಂದಿದ್ರೆ ತಿಂದಿದೆ ಅಂತ ಶಾಲೆಯವರೇ ಬರೆದುಕೊಡಬೇಕು. ಅದನ್ನಾದರೂ ತನ್ನಿ, ಮುಂದಿನದ್ದು ನಾನು ವಿಚಾರಿಸ್ತೀನಿ." ಚೇಚಿಗೆ ಮತ್ತೆ ತೊಂದರೆ ಕೊಡುವುದು ಬೇಡ ಎಂದು ಅವಳಿಗೆ ಹೇಳದೆ ಗುರುವಾರ ಅರ್ಧ ದಿನ ರಜೆ ಹಾಕಿದೆ. ಮೂವತ್ತೆಂಟು ವರ್ಷದ ಮೇಲೆ ಆ ಗೇಟಿನೊಳಗೆ ಕಾಲಿಟ್ಟೆ.

ಶಾಲೆಯ ಗುಮಾಸ್ತ ಸುಗತನ್ ಎಂಬವನು, ಕೂದಲು ನೆರೆತ ಶಿಸ್ತಿನ ಮನುಷ್ಯ. "ರಿಜಿಸ್ಟರು ಗೆದ್ದಲು ತಿಂದದ್ದಕ್ಕೆ ಒಂದು ಕಾಗದ ಬೇಕಿತ್ತು ಸಾರ್" ಎಂದೆ.

ಅವನ ಮುಖ ಕೆಂಪಾಯಿತು. "ಯಾವ ಗೆದ್ದಲು? ಯಾರು ಹೇಳಿದ್ದು? ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ. ಪ್ರತಿ ಮೇ ತಿಂಗಳು ಎಲ್ಲ ಪುಸ್ತಕಗಳನ್ನೂ ನಾನೇ ಬಿಸಿಲಿಗೆ ಹಾಕ್ತೀನಿ. ಗೆದ್ದಲಂತೆ! ಯಾವ ವರ್ಷ, ಯಾವ ಹೆಸರು?"

ಹೇಳಿದೆ. ಅವನು ಎದ್ದು ಬೀರುವಿನ ಕಡೆ ಹೋದವನು ಅರ್ಧದಲ್ಲೇ ನಿಂತ. "ಇದನ್ನ ಹೋದ ಮಂಗಳವಾರ ತಾನೇ ತೆಗೆದೆ? ಕನ್ನಡಕ ಹಾಕಿದ ಒಬ್ಬರು ಚೇಚಿ ಬಂದು ನೋಡಿದ್ರು. ನಕಲು ಬರೆದುಕೊಡಲಾ ಅಂತ ಕೇಳಿದೆ. ಬೇಡ, ತಂಗಿ ತೀರಿಕೊಂಡಳು, ಸುಮ್ನೆ ಹೆಸರು ನೋಡ್ಬೇಕು ಅನ್ನಿಸ್ತು ಅಂದ್ರು. ಪಾಪ, ಕಣ್ಣು ಒರೆಸಿಕೊಂಡ್ರು. ನೀವು ಅವರಿಗೆ ಏನಾಗ್ಬೇಕು?"

"ನಾನೇ ಆ ತಂಗಿ" ಎಂದೆ.

ಸುಗತನ್ ಬೀರು ತೆರೆದ. ಪುಸ್ತಕ ತಂದು, ಪುಟ ತೆರೆದು, ನನ್ನ ಕಡೆ ತಿರುಗಿಸಿ ಇಟ್ಟ. ಒಂದು ಹುಳುವಿನ ತೂತೂ ಇರದ ಪುಟ. ನನ್ನ ಹೆಸರು, ಹುಟ್ಟಿದ ತಾರೀಕು, ಏಳನೇ ತರಗತಿ. ಮಲಯಾಳಂ ಐವತ್ತಕ್ಕೆ ಮೂವತ್ತಾರು. ಲೆಕ್ಕ ಇಪ್ಪತ್ತೊಂಬತ್ತು. ಇಂಗ್ಲಿಷ್ ನಲವತ್ತಮೂರು. ಆ ಪುಟದಲ್ಲಿ ಇಂಗ್ಲಿಷಿಗೆ ಅಷ್ಟು ಅಂಕ ಬೇರೆ ಯಾರಿಗೂ ಇರಲಿಲ್ಲ. ಪಕ್ಕದಲ್ಲಿ ಪಾಸು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು, ಜೂನ್ ತಿಂಗಳ ತಾರೀಕು, ದುಂಡಗಿನ ಅಕ್ಷರದ ಒಂದು ಸಹಿ. ಆ ದುಂಡಕ್ಷರ ನನಗೆ ಗೊತ್ತು. ನನ್ನ ಮಗಳ ಪುಸ್ತಕಗಳ ಮೇಲೆಲ್ಲ ಹೆಸರು ಬರೆದದ್ದು ಅದೇ ಕೈ.

ನಕಲು ಬರೆದು ಮೊಹರು ಹಾಕಿ ಕೊಡುವವರೆಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಮಕ್ಕಳು ಪಾಠ ಒಪ್ಪಿಸುತ್ತಿದ್ದರು. ಅಳು ಬರಲಿಲ್ಲ, ಸಿಟ್ಟೂ ಆ ಹೊತ್ತಿಗೆ ಬರಲಿಲ್ಲ, ಹಳೆಯ ದಿನಗಳೇ ಒಂದೊಂದಾಗಿ ಬಂದವು.

ಆ ಬೇಸಿಗೆ ನನಗೆ ಸೀತಾಳೆ ಸಿಡುಬು ಎದ್ದಿತ್ತು. ಇಪ್ಪತ್ತೊಂದು ದಿನ ಬೇವಿನ ಎಲೆಯ ಮೇಲೆ ಮಲಗಿದ್ದೆ. ಅಪ್ಪ ಸತ್ತು ನಾಲ್ಕು ವರ್ಷ. ಅಮ್ಮನೂ ಚೇಚಿಯೂ ಶೆಡ್ಡಿನಲ್ಲಿ ಬೀಜ ಒಡೆಯುತ್ತಿದ್ದರು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಶಾಲೆಯ ಗೋಡೆಗೆ ಫಲಿತಾಂಶ ಅಂಟಿಸಿದ ದಿನ ಅಮ್ಮ ಚೇಚಿಯನ್ನು ಕಳಿಸಿ, ಅವಳು ಬರುವವರೆಗೆ ಬಾಗಿಲಲ್ಲೇ ಕಾದು ನಿಂತಿದ್ದಳು. ಚೇಚಿ ಬಂದು ತಲೆ ಅಲ್ಲಾಡಿಸಿದಳು. ಅಮ್ಮ ಹೊಸಲಿನ ಮೇಲೆ ಕುಸಿದು ಕೂತದ್ದು ಮಲಗಿದ್ದಲ್ಲಿಂದಲೇ ನನಗೆ ಕಂಡಿತು. ಹುಣ್ಣು ಒಣಗಿದ ಮರುವಾರವೇ ಚೇಚಿಯ ಜಾಗದಲ್ಲಿ ನಾನು ಕೂತೆ. ಹಾಜರಿ ಪುಸ್ತಕದಲ್ಲಿ ನನಗೆ ಹದಿನಾರು ಎಂದು ಬರೆಸಿದರು.

ಆಗ ನಮ್ಮಲ್ಲಿ ಹಾಗೆಯೇ ನಡೆಯುತ್ತಿತ್ತು. ಗೇರುಸಿಪ್ಪೆಯ ಎಣ್ಣೆ ಕೈಯನ್ನು ಸುಟ್ಟು ಕಪ್ಪು ಮಾಡುತ್ತದೆ, ಬೂದಿ ಹಚ್ಚಿಕೊಂಡು ಒಡೆದರೂ ಬಿಡುವುದಿಲ್ಲ. ಮದುವೆ ಗೊತ್ತಾದ ಹುಡುಗಿ ಕೆಲವು ತಿಂಗಳು ಮೊದಲೇ ಶೆಡ್ಡು ಬಿಟ್ಟು ಮನೆಯಲ್ಲಿ ಕೂರುವಳು, ಅಂಗೈ ಬೆಳ್ಳಗಾಗಲಿ ಎಂದು. ಜಾಗ ಮಾತ್ರ ಖಾಲಿ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಬೇರೆ ಮನೆಯವರು ಬಂದು ಕೂರುವರು. ತಂಗಿಯೋ ನಾದಿನಿಯೋ ಬಂದು ಆ ಮಣೆ ಹಿಡಿಯಬೇಕು. ಆ ಓಣಂ ಆದ ಮೇಲೆ ಚೇಚಿಯ ಮದುವೆಯಾಯಿತು. ಮದುಮಗಳ ಅಂಗೈ ನೋಡಿ ಹೆಂಗಸರೆಲ್ಲ ಹೊಗಳಿದರು. ಊಟದ ಪಂಕ್ತಿಯಲ್ಲಿ ನಾನು ನನ್ನ ಕೈ ಯಾರಿಗೂ ಕಾಣದ ಹಾಗೆ ಎಲೆಯ ಕೆಳಗೆ ಇಟ್ಟುಕೊಂಡಿದ್ದೆ.

ನನ್ನ ತರಗತಿಯವರು ಎದುರು ಬಂದರೆ ನಾಚಿಕೆಯಾಗಿ ಕಾಲುವೆಯ ದಂಡೆ ಹಿಡಿದು ಸುತ್ತಿಕೊಂಡು ಹೋಗುತ್ತಿದ್ದೆ. ಒಮ್ಮೆ ಒಬ್ಬಳು ಆಚೆ ದಡದಿಂದ ಕೂಗಿದ್ದಳು, "ಸುಧಾ, ಎಂಟನೇದಕ್ಕೆ ಯಾಕೆ ಬರಲ್ವೇ?" ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವಳ ಮೇಲೆ ಕಲ್ಲು ಎಸೆದೆ. ಅವಳು ನಿಜವಾಗಿಯೇ ಕೇಳಿದ್ದಳು. ಅಮ್ಮನಂತೂ ಸಾಯುವವರೆಗೆ ನನ್ನ ತಲೆ ಸವರಿ ಅದನ್ನೇ ಹೇಳುತ್ತಿದ್ದಳು, "ತಲೆ ಇಲ್ಲದ್ದು ನಿನ್ನ ತಪ್ಪಲ್ಲ ಮಗಳೇ." ಆ ಸುಳ್ಳನ್ನು ನಂಬಿಕೊಂಡೇ ಅವಳು ಹೋದಳು. ಅಮ್ಮನನ್ನು ನೆನೆದಾಗ ನನಗೆ ಸಿಟ್ಟು ಬಂತು. ಬಸ್ಸಿಗೆ ಕಾಯದೆ ನಡೆದೇ ಹೊರಟೆ.

ಮೂರು ಗಂಟೆಯ ಬಿಸಿಲು. ಚೇಚಿ ಜಗಲಿಯಲ್ಲಿ ಕೂತು ಒಣಮೆಣಸಿನ ತೊಟ್ಟು ಮುರಿಯುತ್ತಿದ್ದಳು. "ಇಷ್ಟು ಬೇಗ ಬಂದೆ? ಮುಖ ಯಾಕೆ ಹಾಗಾಗಿದೆ?" ಎಂದಳು.

"ಒಂದು ಕಾಗದ ಬಂದಿದೆ ಚೇಚಿ. ಓದಿ ಹೇಳು."

"ತಾ ಇಲ್ಲಿ" ಎಂದು ಕೈ ಒರೆಸಿಕೊಂಡು ಕನ್ನಡಕ ಏರಿಸಿದಳು. ಶಾಲೆಯ ಮೊಹರು ಕಣ್ಣಿಗೆ ಬಿತ್ತು. ಅವಳ ಬಾಯಿ ಸ್ವಲ್ಪ ತೆರೆದು ಹಾಗೇ ಉಳಿಯಿತು.

"ಗೆದ್ದಲು ತಿಂದ ಪುಟ" ಎಂದೆ.

ಅವಳು ಕಾಗದವನ್ನು ಪಕ್ಕಕ್ಕಿಟ್ಟು, "ಕೂತ್ಕೋ ಸುಧಾ. ಚಹಾ ಇಡ್ತೀನಿ" ಎಂದಳು.

"ಬೇಡ. ಸತ್ತವರು ಚಹಾ ಕುಡಿಯಲ್ಲ."

ಅವಳು ಕಣ್ಣು ಮುಚ್ಚಿದಳು. "ಅವನು ಕಾಗದ ಬರೆದುಕೊಡ್ತೀನಿ ಅಂತ ಪೆನ್ನು ತೆಗೆದ. ನನಗೆ ಏನು ಮಾಡ್ಬೇಕು ಅಂತ ತಿಳೀಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ."

"ಆವತ್ತೂ ಬಾಯಿಗೆ ಬಂತಾ? ಎಂಟು ಜಾತಿಯ ಪ್ರಶ್ನೆಗೆ ಬರೆದದ್ದೆಲ್ಲ ತಪ್ಪು ಅಂತ ಕೂಡ ಬಾಯಿಗೆ ಬಂತಾ? ಫೇಲ್ ಅಂತ ಹೇಳಿದ್ರೆ ಸಾಲ್ತಿರಲಿಲ್ವಾ? ನನಗೆ ಯಾವುದರ ಮೇಲೆ ಧೈರ್ಯ ಇತ್ತೋ ಅದನ್ನೇ ಹುಡುಕಿ ಮುರಿದೆಯಲ್ಲ ಚೇಚಿ."

"ನೀನು ನಂಬಬೇಕಿತ್ತು" ಎಂದಳು ಅವಳು, ಮೆಲ್ಲಗೆ. "ಇಲ್ಲದಿದ್ರೆ ನೀನೇ ಎದ್ದು ನೋಡೋಕೆ ಹೋಗ್ತಿದ್ದೆ."

ಆ ಮಾತು ಕೇಳಿ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳೇ ಮುಂದುವರಿಸಿದಳು, ಈಗ ದನಿ ಏರಿತ್ತು. "ನನ್ನ ಕೈ ಹೇಗಿತ್ತು ಅಂತ ನಿನಗೆ ನೆನಪಿದೆಯಾ? ಕೈ ನೋಡಿಯೇ ಎರಡು ಸಂಬಂಧ ತಪ್ಪಿಹೋಗಿತ್ತು. ಮೂರನೇದು ಬಂದಿತ್ತು. ಅಮ್ಮ ಏನಂದ್ಲು ಗೊತ್ತಾ? ಸುಧಾ ಪಾಸಾದ್ರೆ ಹತ್ತರವರೆಗೆ ಓದಲಿ, ನೀನು ಇನ್ನು ಮೂರು ವರ್ಷ ಶೆಡ್ಡಲ್ಲಿ ಕೂರು ಅಂತ. ಮೂರು ವರ್ಷ! ನನಗಾಗಲೇ ಹತ್ತೊಂಬತ್ತು. ಒಂಬತ್ತರಲ್ಲಿ ನನ್ನನ್ನ ಬಿಡಿಸಿದಾಗ ನನ್ನನ್ನ ಯಾರಾದರೂ ಕೇಳಿದ್ರಾ? ನನಗೂ ಓದು ಬರ್ತಿತ್ತು ಕಣೆ!"

ಅದು ನಿಜ. ಅವಳಿಗೂ ಅನ್ಯಾಯವಾಗಿತ್ತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಒಂದು ಗಳಿಗೆ ನನ್ನ ಮನಸ್ಸು ಕರಗಲು ನೋಡಿತು.

"ಹತ್ತೊಂಬತ್ತರ ಹುಡುಗಿ ಹೇಳಿದ ಸುಳ್ಳನ್ನ ಹೇಗೋ ನುಂಗ್ಕೊಳ್ತೀನಿ" ಎಂದೆ. "ಹೋದ ಮಂಗಳವಾರ ಸುಳ್ಳು ಹೇಳಿದವಳಿಗೆ ಐವತ್ತೇಳು. ಅವಳಿಗೆ ಈಗ ಯಾವ ಮದುವೆ ಇತ್ತು? ಯಾರ ಕೈ ಬೆಳ್ಳಗಾಗ್ಬೇಕಿತ್ತು?"

"ನೀನು ನನ್ನ ಮುಖ ನೋಡಲ್ಲ ಅಂತ ಹೆದರಿದೆ."

"ಅದಕ್ಕೆ ನನಗೆ ಹತ್ತು ಬೇಡ ಅಂತ ನೀನೇ ತೀರ್ಮಾನ ಮಾಡಿದೆ. ಎರಡನೇ ಸಲ."

"ಇಷ್ಟು ವರ್ಷ ನಿನಗೋಸ್ಕರ ಎಷ್ಟು ಕಾಗದ ಓದಿಲ್ಲ ನಾನು? ಒಂದು ದಿನ ಇಲ್ಲ ಅಂದಿದ್ದೀನಾ? ಅದನ್ನೆಲ್ಲ ಮರೆತುಬಿಟ್ಟೆಯಾ?"

"ಮರೆತಿಲ್ಲ. ಈಗ ಅದೇ ಹೆದರಿಕೆ. ಅದರಲ್ಲಿ ಎಷ್ಟನ್ನ ಇದ್ದ ಹಾಗೆ ಓದಿದೆ ಚೇಚಿ?"

ಅವಳು ಅಳತೊಡಗಿದಳು. ಮೆಣಸಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನೂ ಅತ್ತಳು. ಬೇರೆ ದಿನವಾಗಿದ್ದರೆ ನಾನು ಓಡಿ ಹೋಗಿ ನೀರು ತರುತ್ತಿದ್ದೆ. ಕಂಬಕ್ಕೆ ಒರಗಿ ನಿಂತೇ ಇದ್ದೆ. ಎಲ್ಲವನ್ನೂ ಸರಿಯಾಗಿಯೇ ಓದಿದ್ದೇನೆ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಅಳು ಇಳಿದ ಮೇಲೆ ಕಾಗದವನ್ನು ಮತ್ತೆ ಅವಳ ಕೈಗೆ ಕೊಟ್ಟೆ. "ಓದು" ಎಂದೆ. "ಆವತ್ತು ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಏನು ಹೇಳ್ಬೇಕಿತ್ತೋ ಅದನ್ನ ಓದು. ಗಟ್ಟಿಯಾಗಿ."

"ಬೇಡ ಸುಧಾ. ಬೀದೀಲಿ ಜನ ಓಡಾಡ್ತಾರೆ."

"ನಾನು ಫೇಲ್ ಅನ್ನೋದು ಇದೇ ಬೀದಿಗೆ ಗೊತ್ತಿದ್ದದ್ದೇ. ಓದು."

ಓದಿದಳು. ನನ್ನ ಹೆಸರು ಓದಿದಳು, ಹುಟ್ಟಿದ ತಾರೀಕು ಓದಿದಳು. ಮಲಯಾಳಂ ಮೂವತ್ತಾರು. ಲೆಕ್ಕ ಇಪ್ಪತ್ತೊಂಬತ್ತು. ಇಂಗ್ಲಿಷ್ ಎಂದು ಹೇಳಿ ಗಂಟಲು ಸರಿಮಾಡಿಕೊಂಡು, ನಲವತ್ತಮೂರು ಎಂದಳು. ಪಾಸು ಎಂದಳು. ಇನ್ನೊಂದು ಬದಿಯ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಹೆಂಗಸು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದಳು. ಚೇಚಿ ಕಾಗದವನ್ನು ತೊಡೆಯ ಮೇಲೆ ಇಳಿಸಿದಳು.

"ಇನ್ನೊಂದು ಸಾಲು ಇದೆ" ಎಂದೆ.

"ಅದು ಬೇಡ. ಕಾಲಿಗೆ ಬೀಳ್ತೀನಿ, ಅದೊಂದು ಬೇಡ."

ಅವಳ ಕೈಯಿಂದ ಕಾಗದ ತೆಗೆದುಕೊಂಡೆ. ಆ ಸಾಲು ಇಂಗ್ಲಿಷಿನಲ್ಲಿತ್ತು. ಬೆರಳಿಟ್ಟು ಒಂದೊಂದೇ ಪದವಾಗಿ ಓದಿದೆ. ಸರ್ಟಿಫಿಕೇಟ್. ರಿಸೀವ್ಡ್. ಬೈ. ಸಿಸ್ಟರ್. ಸರ್ಟಿಫಿಕೇಟನ್ನು ಅಕ್ಕ ತೆಗೆದುಕೊಂಡಿದ್ದಾಳೆ ಎಂದು ಅದರ ಅರ್ಥ. ಆಮೇಲೆ ಸಹಿಯ ಜಾಗದಲ್ಲಿ ಸುಗತನ್ ಬರೆದ ಹೆಸರು, ಅದನ್ನೂ ಓದಿದೆ, ಲಲಿತಾಂಬಿಕ.

"ಆ ಸರ್ಟಿಫಿಕೇಟ್ ಎಲ್ಲಿ?"

"ಒಲೆಗೆ ಹಾಕಿದೆ" ಎಂದಳು, ನೆಲ ನೋಡುತ್ತ.

ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದೆ. ಮರುದಿನವೇ ಶುಕ್ರವಾರ, ಷಾಹಿದಾ ಟೀಚರ ಮನೆಗೆ ಇನ್ನೂ ಒಂದು ಮೈಲಿ ನಡೆಯಬೇಕಿತ್ತು. ಮೂವತ್ತೆಂಟು ವರ್ಷದಲ್ಲಿ ಚೇಚಿಯ ಮುಂದೆ ನಾನು ಓದಿದ ಮೊದಲ ಇಂಗ್ಲಿಷ್ ಸಾಲು ಅದು. ಸರಿಯಾಗಿ ಓದಿದೆನಾ ಎಂದು ಅವಳನ್ನು ಕೇಳಲಿಲ್ಲ.